ಮಣಿಯಂ ಚಿತ್ರಗಳನ್ನು ಬಿಟ್ಟು ‘ಪೊನ್ನಿಯಿನ್ ಸೆಲ್ವನ್’ ಓದಿದರೆ ಏನು ಕಳೆದುಕೊಳ್ಳುತ್ತೇವೆ?

ಗೆರೆಗಾರ

ತಮಿಳು ಓದಬಲ್ಲ ಕನ್ನಡಿಗರು ಇಲ್ಲಿ ಹಲವರಿದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಕಲ್ಕಿ ಕೃಷ್ಣಮೂರ್ತಿಯವರ ಬರಹಗಳನ್ನು ತಮಿಳುನಾಡು ಸರ್ಕಾರ ರಾಷ್ಟ್ರೀಕರಣ ಮಾಡಿದ ಮೇಲೆ ಚೋಳರ ಕಾಲದ ಅವರ ಕಾದಂಬರಿ ‘ಪೊನ್ನಿಯಿನ್ ಸೆಲ್ವನ್’ ಅನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಹಾಕಿದ್ದಾರೆ ಕೂಡ. ಐದೂ ಭಾಗ ಅಗ್ಗದ ಬೆಲೆಗೆ ಕೈಗೆ ಸಿಗುತ್ತದೆ, ಅದು ಸಂತೋಷದ ಸಂಗತಿಯೇ. ಆದರೆ ಈ ಅಗ್ಗದ ಆವೃತ್ತಿಗಳಲ್ಲಿ ಎಷ್ಟೋ ಕಡೆ ಚಿತ್ರಗಳಿಲ್ಲ. ಬರೀ ಅಕ್ಷರ, ಪುಟದ ಮೇಲೆ ಪುಟ.

ಈ ಕಾದಂಬರಿ ಹುಟ್ಟಿದ್ದು ಪುಸ್ತಕವಾಗಿ ಅಲ್ಲ. 1950ರ ಅಕ್ಟೋಬರ್ 29ರಿಂದ 1954ರ ಮೇ 16ರವರೆಗೆ ‘ಕಲ್ಕಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ವಾರವಾರವೂ ಕಥೆಯ ಜತೆಗೆ ಮಣಿಯಂ ಅವರ ಚಿತ್ರ. ಮಣಿಯಂ ಅಂದರೆ ಟಿ.ಯು. ಸುಬ್ರಮಣಿಯಂ, ಹುಟ್ಟಿದ್ದು 1924ರಲ್ಲಿ. ಧಾರಾವಾಹಿ ಶುರುವಾದಾಗ ಅವರಿಗೆ ಇಪ್ಪತ್ತಾರು ವರ್ಷ. ಕಥೆಯ ವೀರ ವಂದಿಯದೇವನ ಮುಖ, ಸೇಡಿನ ಹೆಣ್ಣು ನಂದಿನಿಯ ಕಣ್ಣು, ವೈಷ್ಣವ ಆಳ್ವಾರ್ಕಡಿಯಾನ್ ನಂಬಿಯ ದೊಣ್ಣೆ ಮತ್ತು ಮುಂಗುಡುಮಿ (ಮುಂದಲೆಯ ಜುಟ್ಟು), ಇವೆಲ್ಲ ತಮಿಳು ಓದುಗರ ಕಣ್ಣಿಗೆ ಇವತ್ತಿಗೂ ಹೇಗೆ ಕಾಣುತ್ತವೋ ಹಾಗೆ ಕಾಣುವಂತೆ ಮಾಡಿದ್ದು ಆ ಕೈ. ಮಣಿರತ್ನಂ ಅವರ ಎರಡು ಸಿನಿಮಾಗಳು (2022, 2023) ಬಂದಾಗ ಮನೆಮನೆಯಲ್ಲಿ ನಡೆದ ವಾದ ನೆನಪಿಸಿಕೊಳ್ಳಿ. ‘ಚೋಳ ರಾಜಕುಮಾರಿ ಕುಂದವೈ ಹೀಗಿರಲಿಲ್ಲ’ ಅಂದರೆ ಯಾವುದಕ್ಕೆ ಹೋಲಿಸಿ ಹಾಗಂದರು? ಮಣಿಯಂ ಬರೆದ ಕುಂದವೈಗೆ ಹೋಲಿಸಿ.

ಈ ಚಿತ್ರಗಳು ಕಾದಂಬರಿಯ ಅಲಂಕಾರವಲ್ಲ, ಅದರ ಒಂದು ಅಂಗ ಅನ್ನುವುದು ನನ್ನ ನಂಬಿಕೆ. ನೀವೇನಂತೀರಿ?

ಪಾತರಗಿತ್ತಿ

ಸರ್, ನಾನು ಸಿನಿಮಾ ನೋಡಿದ ಮೇಲೆ ಇಂಗ್ಲಿಷ್ ಅನುವಾದ ಓದಿದವಳು. ಅದರಲ್ಲಿ ಚಿತ್ರ ಇರಲಿಲ್ಲ, ನನಗೇನೂ ಕೊರತೆ ಅನ್ನಿಸಲಿಲ್ಲ. ಪೂಂಗುಳಲಿ ದೋಣಿ ಹುಟ್ಟು ಹಾಕುತ್ತಾ ಕೋಡಿಕ್ಕರೈ ಕಡಲಲ್ಲಿ ಹಾಡುವ ಭಾಗ ಓದುವಾಗ ನನ್ನ ಮನಸ್ಸಿನಲ್ಲಿ ನನ್ನದೇ ಪೂಂಗುಳಲಿ ಇದ್ದಳು. ಚಿತ್ರ ಇದ್ದಿದ್ದರೆ ಅವಳು ಬರುತ್ತಿರಲಿಲ್ಲ. ಓದುಗರ ಕಲ್ಪನೆಗೆ ಇನ್ನೊಬ್ಬರು ಯಾಕೆ ಗೆರೆ ಎಳೆಯಬೇಕು? ಇದನ್ನು ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದೇನೆ.

ಕುಂಭಕೋಣದ ಸೊಸೆ

ಪಾತರಗಿತ್ತಿ, ನಿನ್ನ ಪ್ರಶ್ನೆ ಸರಿಯಾಗಿದೆಯಮ್ಮ. ಆದರೆ ನೀನು ಓದಿದ ಹಾಗೆ ಅವರು ಓದಲಿಲ್ಲ. ನೀನು ಹಗಲು ರಾತ್ರಿ ಕೂತು ಮುಗಿಸಿರಬಹುದು. ನಮ್ಮತ್ತೆಯ ಕಾಲದವರು ಒಂದು ಕಂತು ಓದಿ ಏಳು ದಿನ ಕಾಯುತ್ತಿದ್ದರು. ಹೀಗೆ ಮೂರೂವರೆ ವರ್ಷ. ಪಾತ್ರಗಳೋ ಡಜನುಗಟ್ಟಲೆ. ಪಳುವೇಟ್ಟರೈಯರ್ ಇಬ್ಬರು, ದೊಡ್ಡವರು, ಚಿಕ್ಕವರು. ಪಾಂಡ್ಯರ ಸಂಚುಗಾರರು ಬೇರೆ. ಇಪ್ಪತ್ತು ವಾರದ ಹಿಂದೆ ಬಂದು ಹೋದವನು ಮತ್ತೆ ಬಂದರೆ ಗುರುತು ಹಿಡಿಯುವುದು ಹೇಗೆ? ಪುಟ ಬಿಚ್ಚಿದ ತಕ್ಷಣ ಚಿತ್ರದಲ್ಲಿ ಅವನ ಮುಂಗುಡುಮಿ ಕಂಡರೆ ಸಾಕು, ‘ಓ, ನಂಬಿ ಬಂದ’ ಅಂತ ಗೊತ್ತಾಗಿಬಿಡುತ್ತಿತ್ತು.

ಹೆಂಗಸರ ಮುಡಿ ನೋಡು. ಕುಂದವೈಗೆ ನೆತ್ತಿಯ ಮೇಲೆ ಎತ್ತಿ ಕಟ್ಟಿದ ಮುಡಿ, ಕಿರೀಟ ಇಟ್ಟ ಹಾಗೆ. ನಂದಿನಿಗೆ ಪಕ್ಕಕ್ಕೆ ವಾಲಿದ ಆಂಡಾಳ್ ಕೊಂಡೆ, ವೈಷ್ಣವ ಕವಯಿತ್ರಿ ಆಂಡಾಳ್ ಮುಡಿಯ ಹಾಗೆ. ಇದು ಬರೀ ಚಂದಕ್ಕಲ್ಲ. ನಂದಿನಿ ಬೆಳೆದದ್ದು ವೈಷ್ಣವರ ಮನೆಯಲ್ಲಿ, ಆಳ್ವಾರ್ಕಡಿಯಾನ್ ಅವಳ ಸಾಕು ಅಣ್ಣ. ಅವಳ ತಲೆಯ ಮೇಲೆಯೇ ಅವಳ ಕಥೆ ಇದೆ. ಇಬ್ಬರೂ ಬೆನ್ನು ತಿರುಗಿಸಿ ನಿಂತರೂ ಯಾರು ಯಾರೆಂದು ಹೇಳಬಹುದು. ಬಣ್ಣವಿಲ್ಲದ, ಒರಟು ಕಾಗದದ ಪುಟದಲ್ಲಿ ಇಬ್ಬರು ಸುಂದರಿಯರನ್ನು ಬೇರೆ ಬೇರೆ ಮಾಡಿ ತೋರಿಸಬೇಕಾದ ಚಿತ್ರಕಾರನ ಬುದ್ಧಿ ಅದು.

ನಮ್ಮತ್ತೆ ವಾರವಾರದ ಹಾಳೆ ಬಿಡಿಸಿ, ಒಟ್ಟು ಮಾಡಿ, ಬೈಂಡ್ ಮಾಡಿಸಿ ಇಟ್ಟಿದ್ದಾರೆ. ತಂಜಾವೂರು, ಕುಂಭಕೋಣದ ಕಡೆ ಎಷ್ಟೋ ಮನೆಯಲ್ಲಿ ಇಂಥ ಕಟ್ಟು ಸಿಗುತ್ತದೆ. ಒಂದು ಪುಟದಲ್ಲಿ ಕಥೆಯ ಕೊನೆ ಸಾಲು, ಅದರ ಬೆನ್ನಿಗೆ ಕೂದಲೆಣ್ಣೆಯ ಜಾಹೀರಾತು. ಮೂಲೆಗಳಲ್ಲಿ ಅರಿಸಿನದ ಬೆರಳಿನ ಗುರುತು. ಈ ಕಟ್ಟಿನಲ್ಲಿ ಹೆಚ್ಚು ಸವೆದಿರುವುದು ಚಿತ್ರ ಇರುವ ಪುಟಗಳೇ. ಮಕ್ಕಳು ಓದಲು ಕಲಿಯುವ ಮುಂಚೆಯೇ ಈ ಕಥೆ ಕಲಿತದ್ದು ಅದರಿಂದ.

ಬಾದಾಮಿ ಬಸ್ಯಾ

ಎಲ್ಲಾರಿಗೂ ಶರಣ್ರಿ. ನಾ ಒಂದು ಬ್ಯಾರೆ ಮಾತು ಹೇಳ್ತೇನಿ, ಯಾರೂ ತಪ್ಪು ತಿಳ್ಕೋಬ್ಯಾಡ್ರಿ. ಕಲ್ಕಿ ಅವರು ಇದಕ್ಕಿಂತ ಮೊದಲ 1944ರಿಂದ 46ರ ತನಕ ‘ಶಿವಗಾಮಿಯಿನ್ ಶಪಥಂ’ ಬರದರು. ಅದರಾಗ ನಮ್ಮ ಇಮ್ಮಡಿ ಪುಲಿಕೇಶಿ ಖಳನಾಯಕ. ಅವನ ಜೋಡಿ ಹುಟ್ಟಿದ ಅವಳಿ ನಾಗನಂದಿ ಅಂತ ಒಬ್ಬ ಕಪಟ ಭಿಕ್ಷು. ಕಡೀಕ ಪಲ್ಲವರು ಬಂದು ನಮ್ಮ ವಾತಾಪಿ ಸುಟ್ಟ ಹೋಗ್ತಾರ. ವಾತಾಪಿ ಬಿದ್ದದ್ದು ಖರೇನ, 642ರ ಸುಮಾರಿಗೆ. ನರಸಿಂಹವರ್ಮನ ಶಾಸನ ಇವತ್ತೂ ನಮ್ಮೂರ ಬಂಡಿ ಮ್ಯಾಲ ಐತಿ, ನಾ ಸಣ್ಣಾವಿದ್ದಾಗಿಂದ ನೋಡಕೋತ ಬಂದೇನಿ. ಸೋತದ್ದಕ್ಕ ಬ್ಯಾಸರ ಇಲ್ಲರಿ. ಆದರ ಐಹೊಳೆ ಶಾಸನದಾಗ ಹರ್ಷನ್ನ ಸೋಲಿಸಿದಾವ ಅಂತ ಓದೋ ರಾಜಾನ್ನ ಒಂದು ಇಡೀ ತಲಿಮಾರು ಕ್ರೂರಿ ಅಂತ ನೆನಪಿಟ್ಟಕೊಂಡತಿ ಅಂದರ ನೋವು ಆಗ್ತೇತಿ.

ಮತ್ತ ಇನ್ನೊಂದು. ಆ ಕಾದಂಬರಿಯೊಳಗ ಆಯನರ್ ಅಂತ ಶಿಲ್ಪಿ ಅದಾನ, ಶಿವಗಾಮಿ ಅಪ್ಪ. ಅವಗ ಒಂದ ಹುಚ್ಚು. ಅಜಂತಾದ ಬಣ್ಣ ನೂರಾರು ವರ್ಷ ಆದರೂ ಮಾಸೂದಿಲ್ಲ, ಆ ಗುಟ್ಟು ನನಗ ಬೇಕು ಅಂತ. ಅಂದರ ಪಲ್ಲವರ ಶಿಲ್ಪಿ ಕಲಿಯಾಕ ಬಯಸಿದ್ದು ಚಾಲುಕ್ಯರ ಸೀಮಿಯಾಗಿನ ವಿದ್ಯೆನ. ಇದನ್ನ ಕಲ್ಕಿ ಅವರ ಬರದಾರ. ಹಂಗಾದರ ಆ ಚಿತ್ರಗಳೂ ಯಾರ ಕಡಿಂದ ಬಂದಾವು ಅಂತ ವಿಚಾರ ಮಾಡಬೇಕಲ್ರೀ?

ಗೆರೆಗಾರ

ಬಸ್ಯಾ ಅಣ್ಣ, ನಿಮ್ಮ ಕೊನೆಯ ಮಾತಿಗೆ ಉತ್ತರ ಇದೆ, ಅದೂ ನಮ್ಮ ಕಡೆಯ ಒಬ್ಬರ ಮೂಲಕ ಹಾದುಹೋಗುತ್ತದೆ.

ಮಣಿಯಂ ಓದಿದ್ದು ಮದ್ರಾಸಿನ ಕಲಾಶಾಲೆಯಲ್ಲಿ. ಅಲ್ಲಿ ಆಗ ಮುಖ್ಯಸ್ಥರು ದೇವಿಪ್ರಸಾದ್ ರಾಯ್ ಚೌಧುರಿ. ಮರೀನಾ ಕಡಲತೀರದಲ್ಲಿ ಬಂಡೆ ತಳ್ಳುತ್ತಿರುವ ನಾಲ್ವರು ಕೂಲಿಗಳ ಕಂಚಿನ ಶಿಲ್ಪ ಮಾಡಿದವರು ಅವರೇ. ರಾಯ್ ಚೌಧುರಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಅವನೀಂದ್ರನಾಥರ ಬಳಗಕ್ಕೆ ಅಜಂತಾ ಅಂದರೆ ಪಾಠಶಾಲೆ. ಇಂಗ್ಲೆಂಡಿನ ಚಿತ್ರಕಾರ್ತಿ ಲೇಡಿ ಹೆರಿಂಗ್‌ಹ್ಯಾಮ್ ಅಜಂತಾದ ಭಿತ್ತಿಚಿತ್ರಗಳ ಪ್ರತಿ ತೆಗೆಯಲು ಹೊರಟಾಗ ಅವರ ಜತೆ ಹೋದ ಶಿಷ್ಯರಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮಾತ್ರ ಅಲ್ಲ, ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ ಯಾರ ಹೆಸರಿನಲ್ಲಿದೆಯೋ ಅವರೇ. ಅರೆಮುಚ್ಚಿದ ಉದ್ದ ಕಣ್ಣು, ಬಳ್ಳಿಯಂತೆ ಬಾಗುವ ಬೆರಳು, ಮೂರು ಕಡೆ ಬಳುಕುವ ನಿಲುವು, ಈ ಗೆರೆಯ ಭಾಷೆ ಅಜಂತಾದಿಂದ ಕಲ್ಕತ್ತೆಗೆ, ಅಲ್ಲಿಂದ ಮದ್ರಾಸಿಗೆ ಬಂತು. ಸಾಲದ್ದಕ್ಕೆ ಕಲ್ಕಿಯವರು ಮಣಿಯಂರನ್ನು ಅಜಂತಾಕ್ಕೇ ಕರೆದುಕೊಂಡು ಹೋದರು. ‘ಪೊನ್ನಿಯಿನ್ ಸೆಲ್ವನ್’ ಕಥೆಯ ಒಂದು ದೊಡ್ಡ ಭಾಗ ಸಿಂಹಳದಲ್ಲಿ ನಡೆಯುತ್ತದೆ, ಅಲ್ಲಿಗೂ ಕರೆದೊಯ್ದರು. ಒಬ್ಬ ಸಂಪಾದಕ ತನ್ನ ಚಿತ್ರಕಾರನನ್ನು ಕಥೆ ನಡೆಯುವ ಜಾಗ ನೋಡಲು ಜತೆಗೆ ಕರೆದೊಯ್ಯುವುದು! ಇವತ್ತಿನ ಯಾವ ವಾರಪತ್ರಿಕೆ ಇದನ್ನು ಮಾಡೀತು?

ಇನ್ನು, ಕನ್ನಡದ ಮಕ್ಕಳು ಈ ಗೆರೆಯನ್ನು ಹೆಸರು ಗೊತ್ತಿಲ್ಲದೆಯೇ ನೋಡಿ ಬೆಳೆದಿದ್ದಾರೆ. ‘ಚಂದಮಾಮ’ ಕನ್ನಡದಲ್ಲಿ ಬರತೊಡಗಿದ್ದು 1949ರಲ್ಲಿ, ಅಚ್ಚಾಗುತ್ತಿದ್ದದ್ದು ಮದ್ರಾಸಿನಲ್ಲಿ. ಹೆಣ ಹೊತ್ತ ವಿಕ್ರಮನನ್ನು ಬರೆದ ಶಂಕರ್ ಅವರೂ ರಾಯ್ ಚೌಧುರಿ ಕಾಲದ ಅದೇ ಕಲಾಶಾಲೆಯವರು. ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರಂತೂ ನಮ್ಮವರೇ.

ಶಿಲಾಬಾಲಿಕೆ

ಗೆರೆಗಾರರ ವಂಶಾವಳಿ ಸರಿ. ಆದರೆ ಅಲ್ಲಿಯೇ ನನಗೊಂದು ಆಕ್ಷೇಪವೂ ಇದೆ. ಅಜಂತಾದ ದೊಡ್ಡ ಗುಹೆಗಳ ಚಿತ್ರಗಳು ವಾಕಾಟಕರ ಕಾಲದವು, ಐದನೆಯ ಶತಮಾನದ ಕೊನೆಯವು ಎಂದು ಈಗಿನ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಒಂದನೆಯ ಗುಹೆಯಲ್ಲಿ ಪರ್ಷಿಯಾದ ಉಡುಪಿನವರು ಇರುವ ದೃಶ್ಯವನ್ನು ‘ಪುಲಿಕೇಶಿಯ ಆಸ್ಥಾನಕ್ಕೆ ಬಂದ ರಾಯಭಾರಿ’ ಎಂದು ಫರ್ಗುಸನ್ 19ನೆಯ ಶತಮಾನದಲ್ಲಿ ಗುರುತಿಸಿದರು. ನಮ್ಮ ಪಠ್ಯಪುಸ್ತಕಗಳಲ್ಲೂ ಅದು ಬಂತು. ಆ ಗುರುತು ಈಗ ನಿಲ್ಲುವುದಿಲ್ಲ. ಬಸ್ಯಾ ಅವರೇ, ಚಾಲುಕ್ಯರ ಚಿತ್ರ ನೋಡಬೇಕಾದರೆ ನಿಮ್ಮೂರಿನ ಮೂರನೆಯ ಗುಹೆಯೇ ಗತಿ. ಮಂಗಳೇಶನ ಶಾಸನ ಇರುವ ಗುಹೆ, 578ನೆಯ ಇಸವಿಯದು. ಕಪೋತದ (ಚಾಚಿದ ಸೂರಂಚಿನ) ಒಳಮೈಯಲ್ಲಿ ಮಾಸಿದ ಬಣ್ಣ ಇನ್ನೂ ಇದೆ.

ಅಂದರೆ ಹತ್ತನೆಯ ಶತಮಾನದ ಚೋಳರ ಕಥೆಗೆ ಅಜಂತಾದ ಮೈಕಟ್ಟು ತೊಡಿಸಿದರೆ ನಡುವೆ ಐನೂರು ವರ್ಷ ಹಾರಿದಂತಾಯಿತು. ಹತ್ತಿರದ ಆಧಾರ ಬೇರೆ ಇತ್ತು. ತಂಜಾವೂರಿನ ಬೃಹದೀಶ್ವರ ದೇವಾಲಯದ ಒಳಪ್ರದಕ್ಷಿಣಾಪಥದಲ್ಲಿ ನಾಯಕ ಅರಸರ ಕಾಲದ ಬಣ್ಣದ ಪದರದ ಕೆಳಗೆ ಚೋಳರ ಭಿತ್ತಿಚಿತ್ರ ಇರುವುದನ್ನು ಅಣ್ಣಾಮಲೈ ವಿಶ್ವವಿದ್ಯಾಲಯದ ಎಸ್.ಕೆ. ಗೋವಿಂದಸ್ವಾಮಿ 1931ರಲ್ಲಿ ಪತ್ತೆ ಮಾಡಿದ್ದರು. ಕಾದಂಬರಿ ಶುರುವಾಗುವ ಹೊತ್ತಿಗೆ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಅಲ್ಲಿ ಕುಣಿಯುವ ಹೆಂಗಸರಿದ್ದಾರೆ, ಬಿಳಿಯಾನೆ ಏರಿ ಕೈಲಾಸಕ್ಕೆ ಹೊರಟ ಶಿವಭಕ್ತ ಸುಂದರರ್ ಇದ್ದಾರೆ, ಜತೆಗೆ ಕುದುರೆಯ ಮೇಲೆ ಚೇರಮಾನ್ ಪೆರುಮಾಳ್. ಕಾದಂಬರಿಯ ‘ಪೊನ್ನಿಯಿನ್ ಸೆಲ್ವನ್’ ಆದ ಅರುಳ್‌ಮೊಳಿವರ್ಮ ಪಟ್ಟಕ್ಕೆ ಬಂದು ರಾಜರಾಜ ಎನಿಸಿಕೊಂಡು ಕಟ್ಟಿಸಿದ ಗುಡಿಯ ಗೋಡೆ ಅದು. ಕಥೆಯ ಜನ ಹೇಗಿದ್ದರೆಂದು ತಿಳಿಯಲು ಅದಕ್ಕಿಂತ ಹತ್ತಿರದ ಕಿಟಕಿ ಇಲ್ಲ.

ಉಡುಪಿನ ಬಗ್ಗೆ ಒಂದು ಮಾತು. ‘ಆ ಕಾಲದ ಶಿಲ್ಪದಲ್ಲಿ ಹೆಂಗಸರ ಎದೆಯ ಮೇಲೆ ಬಟ್ಟೆಯೇ ಇಲ್ಲ, 1950ರ ಮರ್ಯಾದಸ್ಥ ಪತ್ರಿಕೆ ಎದೆಪಟ್ಟಿ ಕಟ್ಟಿಸಿತು’ ಅನ್ನುವ ಟೀಕೆಯನ್ನು ಮತ್ತೆ ಮತ್ತೆ ಕೇಳಿದ್ದೇನೆ. ಅರ್ಧ ನಿಜ. ಚೋಳರ ಕಂಚಿನ ವಿಗ್ರಹಗಳಲ್ಲಿ ಪೆರುಮಾಳಿನ, ಅಂದರೆ ವಿಷ್ಣುವಿನ, ಎಡಬಲಕ್ಕೆ ನಿಂತ ದೇವಿಯರನ್ನು ನೋಡಿ. ಶ್ರೀದೇವಿಗೆ ಕುಚಬಂಧ (ಎದೆಪಟ್ಟಿ) ಇರುತ್ತದೆ, ಭೂದೇವಿಗೆ ಇರುವುದಿಲ್ಲ. ಇಬ್ಬರನ್ನೂ ಗುರುತಿಸುವುದೇ ಅದರಿಂದ. ಹಾಗಾಗಿ ಎದೆಪಟ್ಟಿ ಮಣಿಯಂ ಹುಟ್ಟಿಸಿದ್ದಲ್ಲ, ಶಿಲ್ಪಿಗಳ ಬಳಿಯೇ ಇದ್ದದ್ದು. ಎಲ್ಲ ಹೆಂಗಸರಿಗೂ ಅದನ್ನೇ ಕಟ್ಟಿಸಿದ್ದು ಪತ್ರಿಕೆಯ ಕಾಲದ ಒತ್ತಾಯ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಅಜ್ಜಿಯಿಂದ ಮೊಮ್ಮಗಳವರೆಗೆ ಒಂದೇ ಪ್ರತಿ ಓದುವ ಮನೆಗೆ ಹೋಗುವ ಪತ್ರಿಕೆ ಅದು.

ಬಾದಾಮಿ ಬಸ್ಯಾ

ಅಕ್ಕಾವರ, ರಾಯಭಾರಿ ಚಿತ್ರದ್ದು ಕೇಳಿ ಮನಸ್ಸಿಗೆ ಕಸಿವಿಸಿ ಆತು. ಆದರ ಖರೆ ಖರೇನ. ಮೂರನೇ ಗುಹಾದ ಬಣ್ಣದ್ದು ನೀವು ಹೇಳಿದ್ದು ಬರೋಬ್ಬರಿ ಐತಿ. ಮಳಿಗಾಲ ಮುಗದ ಮ್ಯಾಲ ಮುಂಜಾನಿ ಬಿಸಲ ಒಳಗ ಬಿದ್ದಾಗ ಬಂದು ನೋಡ್ರಿ, ಒಂದೆರಡು ಮುಖ ಸ್ವಲ್ಪ ಕಾಣತಾವ.

ಒಂದು ಕೇಳ್ತೇನಿ. ಕನ್ನಡದಾಗ ಇಂಥಾದ್ದು ಯಾಕ ಆಗಲಿಲ್ಲ? ನಮಗೂ ತ.ರಾ.ಸು. ಇದ್ದರು, ದುರ್ಗದ ಕಾದಂಬರಿ ಇದ್ದುವು. ದೇವುಡು ಅವರ ‘ಮಯೂರ’ ಇತ್ತು. ಅದರಾಗ ಪಲ್ಲವರು ನಮಗ ಎದುರಾಳಿ ನೋಡ್ರಿ, ಅವರಿಗೆ ನಾವು ಇದ್ದಂಗ. ಆದರ ಮಯೂರ ಅಂದರ ನಮ್ಮ ಕಣ್ಣ ಮುಂದ ಬರೂದು ರಾಜಕುಮಾರ, 1975ರ ಸಿನಿಮಾ. ಪುಲಿಕೇಶಿ ಅಂದರೂ ರಾಜಕುಮಾರನ, 1967ರದ್ದು. ಒಬ್ಬ ಚಿತ್ರಗಾರ ಕೊಟ್ಟ ಮುಖ ನಮಗ ಯಾಕಿಲ್ಲ?

ಕುಂಭಕೋಣದ ಸೊಸೆ

ನನ್ನ ಅನಿಸಿಕೆ ಹೇಳಲಾ ಅಣ್ಣ? ಅಲ್ಲಿ ಬರಹಗಾರರೇ ಪತ್ರಿಕೆಯ ಒಡೆಯರು. ಕಲ್ಕಿಯವರು ‘ಆನಂದ ವಿಕಟನ್’ ಬಿಟ್ಟು, ಸದಾಶಿವಂ ಜತೆ ಸೇರಿ 1941ರಲ್ಲಿ ತಮ್ಮದೇ ವಾರಪತ್ರಿಕೆ ಶುರು ಮಾಡಿದರು. ಯಾವ ಪುಟಕ್ಕೆ ಎಷ್ಟು ಜಾಗ, ಚಿತ್ರಕ್ಕೆ ಎಷ್ಟು ಜಾಗ, ಚಿತ್ರಕಾರ ಯಾರು ಅಂತ ಕಾದಂಬರಿಕಾರನೇ ತೀರ್ಮಾನಿಸಬಹುದಿತ್ತು. ಪಕ್ಕದಲ್ಲಿ ವಿಕಟನ್ ಪೈಪೋಟಿ. ಅಲ್ಲಿ ಗೋಪುಲು ಇದ್ದರು, ‘ತಿಲ್ಲಾನಾ ಮೋಹನಾಂಬಾಳ್’ಗೆ ಚಿತ್ರ ಬರೆದವರು. ‘ಶಿಲ್ಪಿ’ ಎಂಬ ಹೆಸರಿನ ಚಿತ್ರಕಾರರಿದ್ದರು, ದಕ್ಷಿಣದ ಗುಡಿಗಳ ಮುಂದೆ ಕೂತು ಒಂದೊಂದು ವಿಗ್ರಹವನ್ನೂ ಪಡಿಯಚ್ಚಿನಂತೆ ಬರೆದವರು. ಆಮೇಲೆ ‘ಕುಮುದಂ’ನಲ್ಲಿ ಸಾಂಡಿಲ್ಯನ್ ಅವರ ಕಡಲಯಾನದ ಪ್ರೇಮಕಥೆಗಳಿಗೆ ‘ಲತಾ’ ಎಂಬ ಚಿತ್ರಕಾರರು ಚಿತ್ರ ಬರೆದರು. ಒಬ್ಬರನ್ನು ನೋಡಿ ಇನ್ನೊಬ್ಬರು ಬೆಳೆದರು. ಮೂರು ನಾಲ್ಕು ಪತ್ರಿಕೆ ಒಂದೇ ಊರಲ್ಲಿ ಜಿದ್ದಿಗೆ ಬಿದ್ದಾಗ ಬರುವ ಫಸಲು ಅದು. ನಮ್ಮ ಕಡೆ ‘ಸುಧಾ’ ಬಂದದ್ದೇ 1965ರಲ್ಲಿ. ಅಷ್ಟು ಹೊತ್ತಿಗೆ ಸಿನಿಮಾ ಮುಂದೆ ಹೋಗಿತ್ತು.

ಮೊಳೆಮನೆ

ಎರಡು ದಿನದಿಂದ ಓದುತ್ತಿದ್ದೇನೆ. ನಮ್ಮ ತಂದೆಯವರದು ಅಚ್ಚುಮೊಳೆ ಜೋಡಿಸುವ ಕಾಲದ ಪ್ರೆಸ್ಸು, ನಾನೂ ಅಲ್ಲೇ ಕೈ ಮಸಿ ಮಾಡಿಕೊಂಡು ಬೆಳೆದವನು. ಅಜಂತಾ, ಕಲ್ಕತ್ತೆ ಎಲ್ಲ ಸರಿ. ಆದರೆ ಆ ಗೆರೆ ಹಾಗೆ ಬರಲು ಇನ್ನೊಂದು ಕಾರಣ ಬ್ಲಾಕು. ಅದನ್ನು ಯಾರೂ ಹೇಳಲಿಲ್ಲ.

ಆಗ ಚಿತ್ರ ಅಚ್ಚಾಗಬೇಕಾದರೆ ಎರಡು ದಾರಿ. ಒಂದು ಲೈನ್ ಬ್ಲಾಕ್. ಕಪ್ಪು ಇಂಡಿಯನ್ ಇಂಕಿನಲ್ಲಿ ಬಿಳಿ ಕಾಗದದ ಮೇಲೆ ಬರೆದದ್ದನ್ನು ದೊಡ್ಡ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಾರೆ. ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿದ ಸತುವಿನ ತಗಡಿನ ಮೇಲೆ ಆ ನೆಗೆಟಿವ್ ಇಟ್ಟು ಬೆಳಕು ಬಿಡುತ್ತಾರೆ. ಆಮೇಲೆ ತಗಡನ್ನು ನೈಟ್ರಿಕ್ ಆಸಿಡ್ಡಿನಲ್ಲಿ ಹಾಕುತ್ತಾರೆ. ಗೆರೆ ಇಲ್ಲದ ಜಾಗವನ್ನು ಆಸಿಡ್ಡು ತಿಂದುಹಾಕುತ್ತದೆ, ಗೆರೆ ಎದ್ದು ನಿಲ್ಲುತ್ತದೆ. ತಗಡನ್ನು ಮರದ ದಿಮ್ಮಿಗೆ ಹೊಡೆದು ಮೊಳೆಯ ಎತ್ತರಕ್ಕೆ ತಂದರೆ ಅಕ್ಷರದ ಜತೆಯಲ್ಲೇ ಮಷಿನ್ನಿಗೆ ಕಟ್ಟಬಹುದು. ಇನ್ನೊಂದು ಹಾಫ್‌ಟೋನ್. ಗಾಜಿನ ಪರದೆ ಅಡ್ಡ ಇಟ್ಟು ಚಿತ್ರವನ್ನು ಚುಕ್ಕಿಚುಕ್ಕಿಯಾಗಿ ಒಡೆಯುತ್ತಾರೆ. ಆರ್ಟ್ ಪೇಪರ್ ಇದ್ದರೆ ಇಂಚಿಗೆ 133 ಸಾಲು ಚುಕ್ಕಿ ಕೂಡ ನಿಲ್ಲುತ್ತದೆ. ನ್ಯೂಸ್‌ಪ್ರಿಂಟಿನ ಮೇಲೆ 65ರ ಆಸುಪಾಸಿಗೆ ಇಳಿಯಬೇಕು, ಇಲ್ಲವಾದರೆ ಚುಕ್ಕಿಗಳ ನಡುವೆ ಮಸಿ ತುಂಬಿ ಮುಖವೆಲ್ಲ ಕಪ್ಪಾಗುತ್ತದೆ.

ಹೀಗಾಗಿ ಒರಟು ಕಾಗದಕ್ಕೆ ನಂಬಿಕೆಯ ದಾರಿ ಗೆರೆಯೇ. ಅದಕ್ಕೂ ಕಟ್ಟುಪಾಡು ಇದೆ. ತೀರಾ ಸಣ್ಣ ಗೆರೆ ಎಳೆದರೆ ಆಸಿಡ್ಡು ಅದನ್ನೂ ತಿಂದು, ಗೆರೆ ಅಲ್ಲಲ್ಲಿ ಕಡಿದುಹೋಗುತ್ತದೆ. ಗೆರೆಗಳನ್ನು ಒತ್ತೊತ್ತಾಗಿ ಎಳೆದರೆ ಮಸಿ ಕಟ್ಟಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಒಂದು ಹಳೇ ಬ್ಲಾಕ್ ಇದೆ, ಯಾವುದೋ ರಾಣಿಯ ಚಿತ್ರ, ಅಂಗೈಯಗಲ. ಬೆಳಕಿಗೆ ಓರೆಯಾಗಿ ಹಿಡಿದರೆ ಅವಳ ಕೊರಳ ಸರದ ಒಂದೊಂದು ಮಣಿಯೂ ಪುಟ್ಟ ಗುಬುಟಾಗಿ ಎದ್ದು ನಿಂತದ್ದು ಕಾಣುತ್ತದೆ, ಬೆರಳಿಗೆ ತಾಗುತ್ತದೆ. ಮಣಿಗಳ ನಡುವೆ ಅಷ್ಟಷ್ಟೇ ಜಾಗ ಬಿಟ್ಟಿದ್ದಾನೆ ಪುಣ್ಯಾತ್ಮ. ಒಂದು ಕೂದಲೆಳೆ ಕಡಿಮೆಯಾಗಿದ್ದರೂ ಇಡೀ ಸರ ಒಂದೇ ಕಪ್ಪು ಪಟ್ಟಿಯಾಗುತ್ತಿತ್ತು. ಒಡವೆ ಬರೆಯುವ ಚಿತ್ರಕಾರನಿಗೆ ಇದು ಗೊತ್ತಿರಲೇಬೇಕು.

ಶಿಲಾಬಾಲಿಕೆಯವರು ತಂಜಾವೂರಿನ ಗೋಡೆಯೇ ಹತ್ತಿರದ ಆಧಾರ ಅಂದರು. ಇತಿಹಾಸದ ಲೆಕ್ಕಕ್ಕೆ ಸರಿ. ಆದರೆ ಗೋಡೆಯಲ್ಲಿ ಬಣ್ಣ ಇದೆ, ನೆರಳಿದೆ. ಬ್ಲಾಕಿಗೆ ಬೇಕಾದದ್ದು ಅಂಚುಗೆರೆ. ಅಜಂತಾದ ಚಿತ್ರದಿಂದ ಬಣ್ಣವನ್ನೆಲ್ಲ ತೆಗೆದರೂ ಅಂಚುಗೆರೆ ಒಂದೇ ನಿಂತು ಮಾತಾಡುತ್ತದೆ. ವಾರಕ್ಕೊಂದು ಗಡುವು, ಸತುವಿನ ತಗಡು, ಒರಟು ಕಾಗದ ಇರುವವನು ಅದನ್ನು ಹಿಡಿದುಕೊಳ್ಳದೆ ಇನ್ನೇನು ಹಿಡಿಯಬೇಕು?

ಶಿಲಾಬಾಲಿಕೆ

ಮೊಳೆಮನೆ ಸರ್, ಈ ಕೋನ ನನಗೆ ಹೊಳೆದಿರಲಿಲ್ಲ. ಶಿಲ್ಪದ ವಿಷಯದಲ್ಲೂ ನಾವು ಕಲ್ಲಿನ ಗುಣ ನೋಡಿಯೇ ಮಾತಾಡುತ್ತೇವೆ. ಹೊಯ್ಸಳರ ಬಳಪದ ಕಲ್ಲಿನಲ್ಲಿ ಬರುವ ಒಡವೆಯ ಕೆತ್ತನೆ ಚೋಳರ ಗ್ರಾನೈಟಿನಲ್ಲಿ ಬರುವುದಿಲ್ಲ. ಚಿತ್ರಕ್ಕೂ ತಗಡಿನ ಗುಣ ನೋಡಿಯೇ ಬೆಲೆ ಕಟ್ಟಬೇಕು, ಒಪ್ಪಿದೆ.

ಆದರೂ ಒಂದು ವಿಷಯದಲ್ಲಿ ನಾನು ಕದಲುವುದಿಲ್ಲ. ಪತ್ರಿಕೆಯ ಚಿತ್ರಗಳಲ್ಲಿ, ಆಮೇಲಿನ ಕ್ಯಾಲೆಂಡರು ಸಿನಿಮಾಗಳಲ್ಲಿ ಇನ್ನೂ ಹೆಚ್ಚಾಗಿ, ಚೋಳರ ಒಡವೆಯೂ ಬೇಲೂರಿನ ಶಿಲಾಬಾಲಿಕೆಯ ಒಡವೆಯೂ ಬೆರೆತುಹೋಗಿವೆ. ಬೇಲೂರು 1117ರದು, ಕಥೆ ನಡೆಯುವುದು ಅದಕ್ಕಿಂತ ನೂರೈವತ್ತು ವರ್ಷ ಹಿಂದೆ. ರಮ್ಯ ಕಥೆಗೆ ಇದರಿಂದ ನಷ್ಟವಿಲ್ಲ. ಚಿತ್ರ ನೋಡಿ ಇತಿಹಾಸ ಕಲಿಯುವವರಿಗೆ ಇದೆ.

ಬಸ್ಯಾ ಅವರಿಗೆ ಸಮಾಧಾನದ ಒಂದು ಸಂಗತಿ ಇದೆ. ‘ಪೊನ್ನಿಯಿನ್ ಸೆಲ್ವನ್’ ಮೊದಲ ದೃಶ್ಯ ಏನು? ತಮಿಳರ ಆಡಿ ತಿಂಗಳ ಹದಿನೆಂಟರ ಹಬ್ಬದ ದಿನ ವಂದಿಯದೇವ ಕುದುರೆಯ ಮೇಲೆ ವೀರನಾರಾಯಣ ಕೆರೆಯ ಏರಿಯಲ್ಲಿ ಬರುತ್ತಾನೆ. ಆ ಕೆರೆ ಅಲ್ಲಿ ಯಾಕಿದೆ? ರಾಷ್ಟ್ರಕೂಟರ ದಂಡು ಬರುತ್ತದೆಂದು ಕಾಯುತ್ತಾ ಬೀಡುಬಿಟ್ಟಿದ್ದ ಚೋಳ ರಾಜಾದಿತ್ಯ ತನ್ನ ಸೈನಿಕರಿಂದಲೇ ಅದನ್ನು ತೋಡಿಸಿದನೆಂದು ಕಲ್ಕಿ ಅಲ್ಲೇ ಹೇಳುತ್ತಾರೆ. ಆ ರಾಜಾದಿತ್ಯ 949ರಲ್ಲಿ ತಕ್ಕೋಲದಲ್ಲಿ ಆನೆಯ ಮೇಲೇ ಸತ್ತ. ಕೊಂದವನು ನಮ್ಮ ಗಂಗರ ಬೂತುಗ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ. ಇದನ್ನು ಹೇಳುವ ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೂತುಗನ ಕಡೆಯ ಮಣಲೇರ ಎಂಬ ವೀರ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ನಿಲ್ಲಿಸಿದ ಕಲ್ಲು. ನಾಯಿಯೂ ಹಂದಿಯೂ ಸೆಣಸುವ ಉಬ್ಬುಚಿತ್ರ, ಅದರ ಸುತ್ತ ಬರಹ. ಅದೇ ಕಾಲದ ಕಥೆ, ಅದೇ ಕಾಲದ ಚಿತ್ರ, ಒಂದೇ ಕಲ್ಲಿನಲ್ಲಿ. ಗೆರೆಗಾರರು ‘ಚಿತ್ರ ಕಥೆಯ ಅಂಗ’ ಅಂದಾಗ ನನಗೆ ನೆನಪಾದದ್ದು ಅದು.

ಬಾದಾಮಿ ಬಸ್ಯಾ

ಅಕ್ಕಾರ, ಇದು ಗೊತ್ತ ಇರಲಿಲ್ಲ. ಮುಂದಿನ ಸಲ ಬೆಂಗಳೂರಿಗೆ ಬಂದಾಗ ಮೊದಲ ಅಲ್ಲಿಗೇ ಹೋಗ್ತೇನಿ.

ಕಾನೂನು ಕಣ್ಣು

ಮೂಲ ಪ್ರಶ್ನೆಗೆ ಬರುತ್ತೇನೆ. ಅಗ್ಗದ ಆವೃತ್ತಿಗಳಲ್ಲಿ ಚಿತ್ರ ಯಾಕಿಲ್ಲ ಅನ್ನುವುದಕ್ಕೆ ಉದಾಸೀನ ಒಂದೇ ಕಾರಣವಲ್ಲ. ರಾಷ್ಟ್ರೀಕರಣವಾದದ್ದು ಕಲ್ಕಿಯವರ ಬರಹ. ಅದರಿಂದ ಚಿತ್ರದ ಹಕ್ಕು ಬಿಡುಗಡೆಯಾಗುವುದಿಲ್ಲ, ಅದು ಬೇರೆಯೇ ಕೃತಿ. ನಮ್ಮ ಕಾನೂನಿನಲ್ಲಿ ಕಲಾಕೃತಿಯ ಹಕ್ಕು ಕಲಾವಿದ ಸತ್ತ ವರ್ಷ ಮುಗಿದ ಮೇಲೆ ಅರವತ್ತು ವರ್ಷ ಇರುತ್ತದೆ. ಮಣಿಯಂ ತೀರಿಕೊಂಡದ್ದು 1968ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿಗೆ. ಆ ಲೆಕ್ಕಕ್ಕೆ 2028 ಮುಗಿಯುವವರೆಗೆ ಹಕ್ಕು ಜೀವಂತ. ಪತ್ರಿಕೆಯ ನೌಕರಿಯಲ್ಲಿದ್ದು ಬರೆದ ಚಿತ್ರವಾದರೆ ಹಕ್ಕಿನ ಒಡೆತನ ಪತ್ರಿಕೆಗೋ ಮನೆಯವರಿಗೋ ಅನ್ನುವುದು ಆಯಾ ಒಪ್ಪಂದದ ಮೇಲೆ ನಿಲ್ಲುತ್ತದೆ, ಅವಧಿ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಅನುಮತಿ ಕೇಳದೆ ಚಿತ್ರ ಸೇರಿಸಿ ಅಚ್ಚು ಹಾಕಿದರೆ ಅದು ತಪ್ಪೇ. ಪ್ರಕಾಶಕರು ಅನುಮತಿಗೆ ಹಣ, ಶ್ರಮ ಹಾಕುವ ಬದಲು ಚಿತ್ರ ಬಿಟ್ಟರು. 2029ರ ಜನವರಿಯಿಂದ ಆ ನೆಪ ಇರುವುದಿಲ್ಲ.

ಪಾತರಗಿತ್ತಿ

ಇಷ್ಟೆಲ್ಲ ಓದಿ ಮೊನ್ನೆ ಮಣಿಯಂ ಚಿತ್ರಗಳಿರುವ ಆವೃತ್ತಿಯನ್ನು ಗ್ರಂಥಾಲಯದಲ್ಲಿ ಹುಡುಕಿ ನೋಡಿದೆ. ನನ್ನ ಪೂಂಗುಳಲಿ ನನ್ನವಳಾಗಿಯೇ ಉಳಿದಿದ್ದಾಳೆ, ಅದರಲ್ಲಿ ಬದಲಾವಣೆ ಇಲ್ಲ. ಆದರೆ ನಂದಿನಿಯ ಚಿತ್ರಗಳ ಮುಂದೆ ತುಂಬಾ ಹೊತ್ತು ನಿಂತೆ. ಓದುವಾಗ ಅವಳು ನನಗೆ ಬರೀ ಸೇಡಿನ ಹೆಂಗಸಾಗಿ ಕಂಡಿದ್ದಳು. ಚಿತ್ರದಲ್ಲಿ ಅವಳ ಕಣ್ಣು ಕೆಳಕ್ಕೆ ಇಳಿದಿದೆ, ಕತ್ತು ಸ್ವಲ್ಪ ಬಾಗಿದೆ. ದಣಿದಿದ್ದಾಳೆ ಅನ್ನಿಸಿತು. ಈ ದಣಿವನ್ನು ನಾನು ಅಕ್ಷರದಲ್ಲಿ ಕಂಡಿರಲಿಲ್ಲ. ಮತ್ತೆ ಆ ಅಧ್ಯಾಯಗಳನ್ನು ಓದುತ್ತಿದ್ದೇನೆ. ಕುಂಭಕೋಣದ ಅಕ್ಕ, ನಿಮ್ಮತ್ತೆಯವರ ಕಟ್ಟನ್ನು ಒಮ್ಮೆ ನೋಡಲು ಬರಬಹುದಾ?

ಕುಂಭಕೋಣದ ಸೊಸೆ

ಬಾರಮ್ಮ, ಖಂಡಿತ ಬಾ. ನೀನು ಕಂಡದ್ದು ಸರಿಯಾಗಿದೆ. ನಂದಿನಿಯನ್ನು ಪೂರ್ತಿ ದ್ವೇಷಿಸಲು ಬಿಡದೆ ಹಿಡಿದಿಟ್ಟಿರುವುದು ಆ ಚಿತ್ರಗಳು ಅಂತ ನಮ್ಮತ್ತೆ ಈಗಲೂ ಹೇಳುತ್ತಾರೆ. ಕಾಗದ ಮಾತ್ರ ಮುಟ್ಟಿದರೆ ಮುರಿಯುವ ಹಾಗಾಗಿದೆ. ಮೊಳೆಮನೆ ಅಣ್ಣ, ಇದನ್ನು ಉಳಿಸಿಕೊಳ್ಳಲು ಏನು ಮಾಡಬೇಕು? ಲ್ಯಾಮಿನೇಷನ್ ಮಾಡಿಸಿ ಅಂತ ಪಕ್ಕದ ಅಂಗಡಿಯವರು ಹೇಳುತ್ತಿದ್ದಾರೆ.

ಮೊಳೆಮನೆ

ದಯವಿಟ್ಟು ಮಾಡಿಸಬೇಡಿ ತಾಯಿ. ಆ ಬಿಸಿಗೆ, ಅಂಟಿಗೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ನ್ಯೂಸ್‌ಪ್ರಿಂಟಿನಲ್ಲಿ ಆಮ್ಲ ಇರುತ್ತದೆ, ಅದೇ ಒಳಗಿನಿಂದ ಕಾಗದವನ್ನು ಹಳದಿ ಮಾಡಿ ಪುಡಿ ಮಾಡುವುದು. ಬಿಸಿಲು, ತೇವ ಎರಡೂ ತಾಗದ ಕಡೆ ಮಲಗಿಸಿಡಿ, ನಿಲ್ಲಿಸಬೇಡಿ. ಸೆಲೋಟೇಪು ಅಂಟಿಸಲೇಬೇಡಿ. ಸ್ಕ್ಯಾನ್ ಮಾಡಿಸುವುದಾದರೆ ಕಟ್ಟನ್ನು ಪೂರ್ತಿ ಅಗಲಿಸಿ ಒತ್ತಬಾರದು, ಬೆನ್ನು ಮುರಿಯುತ್ತದೆ. ಮೇಲಿನಿಂದ ಕ್ಯಾಮೆರಾ ಹಿಡಿದು ತೆಗೆಯುವ ಕಡೆ ಮಾಡಿಸಿ. ಚಿತ್ರದ ಪುಟಗಳನ್ನು 600 ಡಿಪಿಐಗೆ ಕಡಿಮೆ ಇಲ್ಲದೆ, ಬಣ್ಣದಲ್ಲೇ ತೆಗೆಸಿ. ಬರೀ ಕಪ್ಪು ಬಿಳುಪು ಮಾಡಿದರೆ ಸಣ್ಣ ಗೆರೆಗಳು ಕಡಿದುಹೋಗುತ್ತವೆ. ಬೆನ್ನಿನ ಜಾಹೀರಾತು ಪುಟವನ್ನೂ ಬಿಡಬೇಡಿ, ಯಾವ ವಾರದ ಸಂಚಿಕೆ ಎಂದು ಗುರುತಿಸಲು ಅದೇ ಬೇಕಾಗುತ್ತದೆ. ಪಾತರಗಿತ್ತಿ ಬರುವ ದಿನ ಮುಂಚೆ ತಿಳಿಸಿ, ನಾನೂ ಬರುತ್ತೇನೆ.